ಎಂಜಿನ್ ತಾಳಿತು, ಬೋಟು ತಾಳಲಿಲ್ಲ: ಹೆನ್ರಿ ಸೀಗ್ರೇವ್ ಬದುಕು

ಹೆನ್ರಿ ಸೀಗ್ರೇವ್ ಸತ್ತದ್ದು ಎಂಜಿನ್ ಸಿಡಿದು ಅಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಆತನ ಕೊನೆಯ ಬೋಟು ಮಿಸ್ ಇಂಗ್ಲೆಂಡ್ 2ರ ಫೋಟೋ ನೋಡಿದ ಯಾರಿಗಾದರೂ ಮೊದಲು ಅನುಮಾನ ಬರೋದು ಅದರೊಳಗಿನ ಎರಡು ದೈತ್ಯ ಎಂಜಿನ್‌ಗಳ ಮೇಲೆ. ಎರಡೂ ವಿಮಾನಕ್ಕೆಂದು ಮಾಡಿದ, ಸೂಪರ್‌ಚಾರ್ಜರ್ ಕೂರಿಸಿದ ರೋಲ್ಸ್ ರಾಯ್ಸ್ ಆರ್ ಎಂಜಿನ್‌ಗಳು. ಒಂದೊಂದೂ 36.7 ಲೀಟರ್. ನಮ್ಮ ರಸ್ತೆಗಳಲ್ಲಿ ಓಡೋ ಸ್ವಿಫ್ಟ್ ಕಾರಿನ ಎಂಜಿನ್ 1.2 ಲೀಟರ್ ಅನ್ನೋದನ್ನ ನೆನಪಿಟ್ಟುಕೊಂಡರೆ ಗಾತ್ರದ ಅಂದಾಜು ಸಿಗುತ್ತೆ. ಆದರೂ 1930ರ ಜೂನ್ 13ರಂದು ಕೈಕೊಟ್ಟದ್ದು ಅವಲ್ಲ. ಅವುಗಳ ಕೆಳಗಿದ್ದ ಮರದ ಒಡಲು. ಸೀಗ್ರೇವ್‌ನ ಬದುಕನ್ನ ವೀರಗಾಥೆಯಾಗಿ ಓದೋಕೆ ನನಗೆ ಕಷ್ಟ ಆಗೋದು ಈ ಕಾರಣಕ್ಕೇ.

ಸೀಗ್ರೇವ್ ಹುಟ್ಟಿದ್ದು 1896ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಅಪ್ಪ ಐರಿಷ್, ಅಮ್ಮ ಅಮೆರಿಕನ್. ಬೆಳೆದದ್ದು ಐರ್ಲೆಂಡಿನಲ್ಲಿ, ಓದಿದ್ದು ಈಟನ್‌ನಲ್ಲಿ. ಇಂಥವನು ಮುಂದೆ ಮಿಸ್ ಇಂಗ್ಲೆಂಡ್ ಅನ್ನೋ ಬೋಟಿನಲ್ಲಿ ಕೂತು ಮಿಸ್ ಅಮೆರಿಕ ಅನ್ನೋ ಬೋಟನ್ನ ಸೋಲಿಸಿ ಬ್ರಿಟನ್ನಿನ ಕಣ್ಮಣಿಯಾದ. ರಾಷ್ಟ್ರಾಭಿಮಾನ ಗೆದ್ದವನ ಜನನ ಪ್ರಮಾಣಪತ್ರ ಕೇಳೋದಿಲ್ಲ, ಸೋತವನದ್ದು ಮಾತ್ರ ಕೇಳುತ್ತೆ.

ಮೊದಲ ಮಹಾಯುದ್ಧದಲ್ಲಿ ಆತ ಕಾಲಾಳು ಪಡೆಯಲ್ಲಿದ್ದು ಗಾಯಗೊಂಡ. ಆಮೇಲೆ ಪೈಲಟ್ ಆಗಿ ಮತ್ತೆ ಗಾಯಗೊಂಡ. ಯುದ್ಧ ಮುಗಿದ ಮೇಲೆ ಕಾರ್ ರೇಸಿಗೆ ಬಂದ. 1923ರಲ್ಲಿ ಸನ್‌ಬೀಮ್ ಕಾರಿನಲ್ಲಿ ಫ್ರೆಂಚ್ ಗ್ರಾಂಡ್ ಪ್ರಿ ಗೆದ್ದಾಗ, ಬ್ರಿಟಿಷ್ ಕಾರಿನಲ್ಲಿ ಗ್ರಾಂಡ್ ಪ್ರಿ ಗೆದ್ದ ಮೊದಲ ಬ್ರಿಟಿಷ್ ಚಾಲಕ ಅನ್ನಿಸಿಕೊಂಡ. ಆತನ ಬದುಕಿಗೆ ಸೂಪರ್‌ಚಾರ್ಜರ್ ಬಂದದ್ದು ಅದರ ಮರುವರ್ಷ.

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಮಾತಾಡ್ತೀನಿ. ಓದಿದ ನಾಲ್ಕು ವರ್ಷ ಹೀಗಾದರೂ ಉಪಯೋಗಕ್ಕೆ ಬರಲಿ. ಎಂಜಿನ್ ಎಷ್ಟು ಶಕ್ತಿ ಕೊಡುತ್ತೆ ಅನ್ನೋದು ಅದು ಎಷ್ಟು ಗಾಳಿ ಉಸಿರಾಡುತ್ತೆ ಅನ್ನೋದರ ಮೇಲೆ ನಿಂತಿದೆ. ಗಾಳಿ ಹೆಚ್ಚಾದರೆ ಹೆಚ್ಚು ಇಂಧನ ಸುಡಬಹುದು. ಸಾಮಾನ್ಯ ಎಂಜಿನ್ ತಾನಾಗಿ ಎಳೆದುಕೊಂಡಷ್ಟೇ ಗಾಳಿಯಲ್ಲಿ ಬದುಕುತ್ತೆ. ಸೂಪರ್‌ಚಾರ್ಜರ್ ಅಂದ್ರೆ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್‌ನಿಂದಲೇ ತಿರುಗೋ ಒಂದು ಪಂಪು. ಅದು ಗಾಳಿಯನ್ನ ಒತ್ತಿ ಒಳಗೆ ತುರುಕುತ್ತೆ. ಒತ್ತಿದ ಗಾಳಿ ಬಿಸಿಯಾಗುತ್ತೆ. ಸೈಕಲ್ಲಿಗೆ ಪಂಪು ಹೊಡೆದವರಿಗೆ ಇದು ಗೊತ್ತಿರುತ್ತೆ. ಬಿಸಿ ಮಿಶ್ರಣ ಕಿಡಿಯಿಂದ ಹದವಾಗಿ ಉರಿಯೋ ಬದಲು ತಾನಾಗಿ ಸಿಡಿದರೆ ಅದೇ ನಾಕಿಂಗ್. ಅದು ಮುಂದುವರಿದರೆ ಪಿಸ್ಟನ್ ತೂತಾಗುತ್ತೆ, ವಾಲ್ವ್ ಸುಡುತ್ತೆ, ಗ್ಯಾಸ್ಕೆಟ್ ಹಾರುತ್ತೆ. ಅದಕ್ಕಿಂತ ಮೊದಲು ಸೂಪರ್‌ಚಾರ್ಜರ್ ಹಾಕಿದವರು ಗಾಳಿಯನ್ನ ಕಾರ್ಬ್ಯುರೇಟರ್ ಮೂಲಕ ಊದುತ್ತಿದ್ದರು. 1924ರಲ್ಲಿ ಸನ್‌ಬೀಮ್‌ನವರು ಕಾರ್ಬ್ಯುರೇಟರಿನ ಆಚೆ ಪಂಪನ್ನಿಟ್ಟು, ಪೆಟ್ರೋಲ್ ಬೆರೆತ ಗಾಳಿಯನ್ನೇ ಒತ್ತಿದರು. ಪೆಟ್ರೋಲ್ ಆವಿಯಾಗುವಾಗ ಮಿಶ್ರಣವನ್ನ ತಣ್ಣಗೆ ಮಾಡುತ್ತೆ. ಜಾಗ ಬದಲಿಸಿದ್ದಷ್ಟೇ, ಆದರೆ ಎಂಜಿನ್ ಉಳಿಸೋ ಬದಲಾವಣೆ ಅದು. ಆ ಕಾರಿನಲ್ಲೇ ಸೀಗ್ರೇವ್ ಆ ವರ್ಷ ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್ ಗ್ರಾಂಡ್ ಪ್ರಿ ಗೆದ್ದ.

1926ರ ಮಾರ್ಚಿನಲ್ಲಿ ಸೌತ್‌ಪೋರ್ಟ್ ಕಡಲತೀರದಲ್ಲಿ 4 ಲೀಟರಿನ ಸೂಪರ್‌ಚಾರ್ಜ್ಡ್ ಸನ್‌ಬೀಮ್ ಓಡಿಸಿ ಗಂಟೆಗೆ 245 ಕಿ.ಮೀ. ಮುಟ್ಟಿದ. ನೆಲದ ಮೇಲಿನ ವಿಶ್ವದಾಖಲೆ. ಆದರೆ ಸೂಪರ್‌ಚಾರ್ಜರ್ ಪದೇಪದೇ ತೊಂದರೆ ಕೊಟ್ಟಿತ್ತು. ಒಂದೇ ತಿಂಗಳ ಸುಮಾರಿಗೆ ಪ್ಯಾರಿ ಥಾಮಸ್ ಅನ್ನೋ ಎಂಜಿನಿಯರ್ 27 ಲೀಟರಿನ ವಿಮಾನದ ಎಂಜಿನ್ ಕೂರಿಸಿದ ಕಾರಿನಲ್ಲಿ ಆ ದಾಖಲೆ ಮುರಿದ. ಸಣ್ಣ ಎಂಜಿನ್ನಿಗೆ ಗಾಳಿ ತುರುಕೋದು ಒಂದು ದಾರಿ, ದೊಡ್ಡ ಎಂಜಿನ್ ತರೋದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡೋಕೆ ಸೀಗ್ರೇವ್ ಇನ್ನೂ ನಾಲ್ಕು ವರ್ಷ ಕಾಯಬೇಕಿತ್ತು.

ನಡುವಿನ ವರ್ಷಗಳನ್ನ ಬೇಗ ಹೇಳ್ತೀನಿ. 1927ರಲ್ಲಿ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ, ಎರಡು ವಿಮಾನ ಎಂಜಿನ್‌ಗಳ ಸನ್‌ಬೀಮ್‌ನಲ್ಲಿ ಗಂಟೆಗೆ 200 ಮೈಲಿ ದಾಟಿದ ಮೊದಲ ಮನುಷ್ಯನಾದ. 1929ರ ಮಾರ್ಚ್ 11ರಂದು ಅಲ್ಲೇ ಗೋಲ್ಡನ್ ಆರೋ ಕಾರಿನಲ್ಲಿ ಗಂಟೆಗೆ 372 ಕಿ.ಮೀ. ಆ ವರ್ಷ ಸರ್ ಪದವಿಯೂ ಬಂತು.

ಆದರೆ ನನಗೆ ಮುಖ್ಯ ಅನ್ನಿಸೋದು ಅದಾಗಿ ಎರಡೇ ದಿನಕ್ಕೆ ಅದೇ ಮರಳಿನ ಮೇಲೆ ನಡೆದದ್ದು. ಸೀಗ್ರೇವ್‌ನ ದಾಖಲೆ ಮುರಿಯೋಕೆ ಅಮೆರಿಕದ ಟ್ರಿಪ್ಲೆಕ್ಸ್ ಅನ್ನೋ ಕಾರು ಸಿದ್ಧವಾಗಿತ್ತು. ಮೂರು ಲಿಬರ್ಟಿ ವಿಮಾನ ಎಂಜಿನ್‌ಗಳು, ಒಟ್ಟು 81 ಲೀಟರ್. ಸ್ಟೀರಿಂಗ್ ಹಿಂದೆ ಕೂರಿಸಿದ್ದು ಲೀ ಬೈಬಲ್ ಅನ್ನೋ ಸ್ಥಳೀಯ ಗ್ಯಾರೇಜಿನವನನ್ನ. ಅಂಥ ವೇಗದ ಅನುಭವ ಆತನಿಗೆ ಇರಲಿಲ್ಲ. ಕಾರು ಉರುಳಿತು, ಬೈಬಲ್ ಸತ್ತ, ಫೋಟೋ ತೆಗೆಯುತ್ತಿದ್ದ ಚಾರ್ಲ್ಸ್ ಟ್ರಾಬ್ ಅನ್ನೋ ಕ್ಯಾಮೆರಾಮನ್ನನೂ ಸತ್ತ. ಕಾರಿನ ಮಾಲೀಕನಿಗೆ ಏನೂ ಆಗಲಿಲ್ಲ, ಆತ ಕಾರಿನಲ್ಲಿ ಇರಲೇ ಇಲ್ಲ. ಇದಾದ ಮೇಲೆ ಸೀಗ್ರೇವ್ ನೆಲದ ಮೇಲಿನ ದಾಖಲೆಗಳ ಸಹವಾಸವೇ ಸಾಕು ಅಂತ ಬಿಟ್ಟುಬಿಟ್ಟ. ಭಯಪಟ್ಟ ಅಂತ ನಾನು ಹೇಳಲ್ಲ. ಲೆಕ್ಕ ಅರ್ಥವಾದವನ ನಿರ್ಧಾರ ಅದು.

ಆದರೆ ಆತ ಹೋದದ್ದು ನೀರಿಗೆ. ಅಲ್ಲಿ ಲೆಕ್ಕ ಇನ್ನೂ ಕಠಿಣ.

ನೀರಿನ ವೇಗದ ರಾಜ ಆಗ ಡೆಟ್ರಾಯಿಟ್‌ನ ಗಾರ್ ವುಡ್. ಟಿಪ್ಪರ್ ಲಾರಿಯ ಹೈಡ್ರಾಲಿಕ್ ಜಾಕ್ ಕಂಡುಹಿಡಿದು ಶ್ರೀಮಂತನಾದವನು. ಡೇಟೋನಾದ ಅದೇ ಪ್ರವಾಸದಲ್ಲಿ, ಮಯಾಮಿಯಲ್ಲಿ ನಡೆದ ರೇಸಿನಲ್ಲಿ ಸೀಗ್ರೇವ್ ಒಂದೇ ನೇಪಿಯರ್ ಎಂಜಿನ್ನಿನ ಮಿಸ್ ಇಂಗ್ಲೆಂಡ್ ಓಡಿಸಿ ವುಡ್‌ನನ್ನ ಸೋಲಿಸಿದ. ವುಡ್ ಬೋಟಿನ ಸ್ಟೀರಿಂಗ್ ಕೈಕೊಟ್ಟದ್ದೂ ನೆರವಾಯಿತು. ವೇಗದ ವಿಶ್ವದಾಖಲೆ ಮಾತ್ರ ವುಡ್ ಹತ್ತಿರವೇ ಇತ್ತು. ಅದನ್ನ ಕಿತ್ತುಕೊಳ್ಳೋಕೆ ಕ್ಯಾಸ್ಟ್ರಾಲ್ ಎಣ್ಣೆಯ ಒಡೆಯ ಲಾರ್ಡ್ ವೇಕ್‌ಫೀಲ್ಡ್ ದುಡ್ಡು ಹಾಕಿದರು. ಫ್ರೆಡ್ ಕೂಪರ್ ಬೋಟು ವಿನ್ಯಾಸ ಮಾಡಿದ. ಎಂಜಿನ್ ರೋಲ್ಸ್ ರಾಯ್ಸ್‌ನದು.

ಆ ಎಂಜಿನ್ ಬಗ್ಗೆ ನನಗೆ ನಿಜವಾದ ಗೌರವ ಇದೆ. ರೋಲ್ಸ್ ರಾಯ್ಸ್ ಹತ್ತಿರ ಬಜರ್ಡ್ ಅನ್ನೋ ಎಂಜಿನ್ ಮೊದಲೇ ಇತ್ತು. ಅದೇ 36.7 ಲೀಟರ್, ಸೌಮ್ಯವಾದ ಸೂಪರ್‌ಚಾರ್ಜರ್, 825 ಅಶ್ವಶಕ್ತಿ. 1929ರ ಷ್ನೈಡರ್ ಟ್ರೋಫಿ ವಿಮಾನ ರೇಸಿಗೆ ಅದನ್ನೇ ತಿದ್ದಿ ಆರ್ ಎಂಜಿನ್ ಮಾಡಿದರು: 1900 ಅಶ್ವಶಕ್ತಿ. ಗಾತ್ರ ಅಷ್ಟೇ, ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು. ಇದನ್ನ ಬರೀ ದೊಡ್ಡ ಸೂಪರ್‌ಚಾರ್ಜರ್ ಕೂರಿಸಿ ಸಾಧಿಸಲಿಲ್ಲ. ಜೇಮ್ಸ್ ಎಲರ್ ಎರಡೂ ಬದಿಯಿಂದ ಗಾಳಿ ಎಳೆಯೋ ಇಂಪೆಲ್ಲರ್ ಮಾಡಿದ. ಬೆಂಜಾಲ್ ಮತ್ತು ಸೀಸದ ಸಂಯುಕ್ತ ಬೆರೆಸಿದ ವಿಶೇಷ ಇಂಧನ ತಯಾರಾಯಿತು, ನಾಕಿಂಗ್ ತಡೆಯೋಕೆ. ಡರ್ಬಿಯ ಕಾರ್ಖಾನೆಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಎಂಜಿನ್ ಓಡಿಸೋದು, ಏನು ಮುರಿಯುತ್ತೆ ನೋಡೋದು, ಅದನ್ನ ಗಟ್ಟಿ ಮಾಡೋದು, ಮತ್ತೆ ಓಡಿಸೋದು. ಒಂದು ಗಂಟೆ ಪೂರ್ತಿ ಶಕ್ತಿಯಲ್ಲಿ ನಿಲ್ಲಬೇಕು ಅನ್ನೋದು ಗುರಿ. ಊರಿನವರ ಕಿವಿಗೆ ಎಷ್ಟು ಹಿಂಸೆ ಆಗಿರಬೇಡ. ದೊಡ್ಡ ಎಂಜಿನ್ನಿಗೆ ಸುರಕ್ಷಿತವಾಗಿ ಸೂಪರ್‌ಚಾರ್ಜರ್ ಹಾಕೋದು ಅಂದ್ರೆ ಇದೇ: ಮುರಿಯೋದೆಲ್ಲ ನೆಲದ ಮೇಲೆ, ಯಾರೂ ಕೂತಿಲ್ಲದಾಗ ಮುರಿಯಲಿ.

ಬೋಟಿಗೆ ಇದು ಇನ್ನೂ ಮುಖ್ಯ. ಕಾರು ಪೂರ್ತಿ ಶಕ್ತಿ ಬಳಸೋದು ಕೆಲವೇ ಸೆಕೆಂಡು, ಆಮೇಲೆ ಕಾಲು ಸಡಿಲವಾಗುತ್ತೆ. ವೇಗದ ಬೋಟು ನೀರನ್ನ ಸದಾ ತಳ್ಳುತ್ತಲೇ ಇರಬೇಕು. ಎಂಜಿನ್ ಪಾಲಿಗೆ ಅದು ಮುಗಿಯದ ಘಾಟಿ ರಸ್ತೆ. ಬಿಸಿ ಇಳಿಯೋಕೆ ಪುರಸೊತ್ತೇ ಇಲ್ಲ. ಜೊತೆಗೆ ವೇಗ ಹತ್ತು ಶೇಕಡ ಹೆಚ್ಚಬೇಕಾದರೆ ಸ್ಥೂಲವಾಗಿ ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಬೇಕು. ಆ ಶಕ್ತಿಯೆಲ್ಲ ಎಂಜಿನ್ ದಾಟಿ ಗೇರ್‌ಬಾಕ್ಸು, ಶಾಫ್ಟು, ಪ್ರೊಪೆಲ್ಲರ್, ಕೊನೆಗೆ ಬೋಟಿನ ತಳ, ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ. ಎಲ್ಲಿ ಸಡಿಲವೋ ಅಲ್ಲಿ ಲೆಕ್ಕ ಚುಕ್ತಾ.

ಮಿಸ್ ಇಂಗ್ಲೆಂಡ್ 2ರಲ್ಲಿ ಎರಡು ಎಂಜಿನ್ನುಗಳ ಶಕ್ತಿಯೂ ಒಂದೇ ಪ್ರೊಪೆಲ್ಲರಿಗೆ ಹೋಗುತ್ತಿತ್ತು. ವಿಂಡರ್‌ಮಿಯರ್ ಪರೀಕ್ಷೆಗಳಲ್ಲಿ ಪ್ರೊಪೆಲ್ಲರುಗಳು ಕಾಡಿದವು. ಪೂರ್ತಿ ವೇಗದಲ್ಲಿ ಬೋಟಿನ ಬಹುಭಾಗ ನೀರಿನಿಂದ ಮೇಲಿರುತ್ತಿತ್ತು. ಭಾರ ಹೊರುತ್ತಿದ್ದದ್ದು ತಳದಲ್ಲಿದ್ದ ಮೆಟ್ಟಿಲಿನಂಥ ಒಂದು ಅಂಚು ಮತ್ತು ಹಿಂದಿನ ತುದಿ, ಅಷ್ಟೇ. ಎಂಜಿನ್ನನ್ನ ಡರ್ಬಿಯಲ್ಲಿ ಗಂಟೆಗಟ್ಟಲೆ ಹಿಂಸಿಸಿ ನೋಡಿದ್ದರು. ಆ ಅಂಚನ್ನ ಅಂಥ ವೇಗದಲ್ಲಿ ಪರೀಕ್ಷಿಸೋಕೆ ನೆಲದ ಮೇಲೆ ಯಾವ ಕೊಠಡಿಯೂ ಇರಲಿಲ್ಲ. ಪರೀಕ್ಷೆ ಅಂದ್ರೆ ಮೂರು ಜನ ಹತ್ತಿ ಕೂರೋದು.

ಆ ಮೂವರು: ಸೀಗ್ರೇವ್, ರೋಲ್ಸ್ ರಾಯ್ಸ್‌ನ ಎಂಜಿನಿಯರ್ ವಿಕ್ಟರ್ ಹ್ಯಾಲಿವೆಲ್, ಮೆಕ್ಯಾನಿಕ್ ವಿಲ್ಕಾಕ್ಸ್. ಜೂನ್ 13, ಶುಕ್ರವಾರ. ಮೊದಲ ಓಟ ಗಂಟೆಗೆ 96.41 ಮೈಲಿ, ಎರಡನೆಯದು 101.11. ಎರಡರ ಸರಾಸರಿ 98.76, ಅಂದ್ರೆ 159 ಕಿ.ಮೀ. ಹತ್ತಿರ. ವಿಶ್ವದಾಖಲೆ ಆಗಿಹೋಯಿತು. ಬೋಟು ದಡಕ್ಕೆ ಬಂದಿದ್ದರೆ ಮೂವರೂ ಮಧ್ಯಾಹ್ನದ ಊಟಕ್ಕೆ ಕೂರಬಹುದಿತ್ತು.

ಬರಲಿಲ್ಲ. ಮೂರನೇ ಓಟ ಶುರುವಾಯಿತು. ಸರಾಸರಿ ನೂರಕ್ಕೆ ಒಂದೂಕಾಲು ಮೈಲಿ ಕಡಿಮೆ ಬಿದ್ದಿತ್ತು, ನೂರು ಅನ್ನೋದು ಪತ್ರಿಕೆಗಳ ತಲೆಬರಹಕ್ಕೆ ಬೇಕಾದ ಸಂಖ್ಯೆ. ಎಂಜಿನ್ ಸಲೀಸಾಗಿ ಶಕ್ತಿ ಕೊಡುತ್ತಲೇ ಇತ್ತು. ನನ್ನ ಪ್ರಕಾರ ಅಪಾಯ ಇದ್ದದ್ದು ಅಲ್ಲೇ. ಕೆಮ್ಮೋ ಎಂಜಿನ್ ಎಚ್ಚರಿಸುತ್ತೆ, ಚೆನ್ನಾಗಿ ಓಡೋ ಎಂಜಿನ್ ಇನ್ನೂ ಕೇಳು ಅನ್ನುತ್ತೆ. ಪೂರ್ತಿ ವೇಗದಲ್ಲಿ ಬೋಟು ಪಕ್ಕಕ್ಕೆ ಎಳೆದು ಮಗುಚಿ ಮುಳುಗಿತು. ನೀರಿನಲ್ಲಿ ಒಂದು ಮರದ ಕೊಂಬೆ ಸಿಕ್ಕಿತು, ತಳದ ಆ ಅಂಚು ಕಿತ್ತುಹೋಗಿತ್ತು. ಕೊಂಬೆ ಬಡಿದೇ ಹೀಗಾಯಿತು ಅನ್ನೋದು ಸಾಮಾನ್ಯವಾಗಿ ಒಪ್ಪಿದ ಕಾರಣ. ಅಂಚೇ ದುರ್ಬಲವಾಗಿತ್ತು ಅನ್ನೋ ವಾದವೂ ಇದೆ. ನನಗೆ ಎರಡೂ ಒಂದೇ ಅನ್ನಿಸುತ್ತೆ. ಮರಗಳಿಂದ ಸುತ್ತುವರಿದ ಸರೋವರದಲ್ಲಿ ಒಂದು ಕೊಂಬೆ ತೇಲೋದನ್ನ ಆಕಸ್ಮಿಕ ಅನ್ನೋದು ಹೇಗೆ?

ಹ್ಯಾಲಿವೆಲ್ ಮುಳುಗಿ ಸತ್ತ. ವಿಲ್ಕಾಕ್ಸ್ ಗಾಯಗೊಂಡು ಬದುಕಿದ. ಸೀಗ್ರೇವ್‌ನನ್ನ ದಡಕ್ಕೆ ತಂದರು. ಕೆಲವೇ ಗಂಟೆಗಳಲ್ಲಿ ಆತನೂ ಹೋದ, ವಯಸ್ಸು 33. ನಡುವೆ ಪ್ರಜ್ಞೆ ಬಂದಾಗ ದಾಖಲೆ ಆಯಿತು ಅನ್ನೋದು ಆತನಿಗೆ ತಿಳಿಯಿತು ಅಂತ ಹೇಳ್ತಾರೆ.

ಅದೇ ವರ್ಷ ಹೆಂಡತಿ ಡೋರಿಸ್ ಆತನ ಹೆಸರಿನಲ್ಲಿ ಸೀಗ್ರೇವ್ ಟ್ರೋಫಿ ಸ್ಥಾಪಿಸಿದರು. ನೆಲ, ನೀರು, ಆಕಾಶಗಳಲ್ಲಿ ಸಾಹಸ ಮಾಡಿದವರಿಗೆ ಕೊಡೋ ಪ್ರಶಸ್ತಿ ಅದು. ಪಕ್ಕದಲ್ಲೇ ಕೂತು ಎಂಜಿನ್ ನೋಡಿಕೊಳ್ಳುತ್ತಿದ್ದ ಹ್ಯಾಲಿವೆಲ್ ಹೆಸರು ಇವತ್ತು ಸೀಗ್ರೇವ್ ಕತೆಯ ಒಂದು ಸಾಲಿನಲ್ಲಿ ಬಂದು ಹೋಗುತ್ತೆ. ಆತ ದಾಖಲೆಗಾಗಿ ಬೋಟು ಹತ್ತಿದವನಲ್ಲ, ಕೆಲಸದ ಮೇಲೆ ಬಂದವನು.

ಬೋಟನ್ನ ಮೇಲೆತ್ತಿ ರಿಪೇರಿ ಮಾಡಿದರು. 1931ರ ಜುಲೈನಲ್ಲಿ ಇಟಲಿಯ ಗಾರ್ಡಾ ಸರೋವರದಲ್ಲಿ ಕೇ ಡಾನ್ ಅದನ್ನ ಗಂಟೆಗೆ 177 ಕಿ.ಮೀ.ವರೆಗೆ ಓಡಿಸಿ ಹೊಸ ದಾಖಲೆ ಮಾಡಿದ.  ಸೆಪ್ಟೆಂಬರಿನಲ್ಲಿ ಡೆಟ್ರಾಯಿಟ್ ನದಿಯಲ್ಲಿ ಗಾರ್ ವುಡ್ ಎದುರಿನ ರೇಸಿನ ತಿರುವೊಂದರಲ್ಲಿ ಅದು ಮತ್ತೆ ಮಗುಚಿತು. ಈ ಸಲ ಎಲ್ಲರೂ ಬದುಕಿದರು.