ದಾಖಲೆ ಪುಸ್ತಕದಲ್ಲಿ ಅಂಟಿಸಿದ ಚಿಟ್ಟೆ

ರಾಮನಗರದ ಮಕ್ಕಳಿಗೆ ರೇಷ್ಮೆ ಚಿಟ್ಟೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದ ರೈತರು ತರುವ ಗೂಡನ್ನು ನಮ್ಮ ಅಬ್ಬಾ ಹರಾಜಿನಲ್ಲಿ ಕೊಂಡು ತರುತ್ತಾರೆ. ತಡವಾದರೆ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ಒಳ್ಳೆಯ ನೂಲು ತೆಗೆಯಲು ಆಗುವುದಿಲ್ಲ. ಆದರೆ ಒಂದು ಚಿಟ್ಟೆ ಕಂಪ್ಯೂಟರನ್ನೂ ಕೆಡಿಸಿತ್ತು ಎಂಬುದು ನನಗೆ ತಿಳಿದದ್ದು ನಮ್ಮ ಲ್ಯಾಬಿನಲ್ಲಿ.

ಅಂದು ಐದು ವಿಷಯಗಳ ಅಂಕ ಕೂಡುವ ನನ್ನ ಪ್ರೋಗ್ರಾಂ ಅರ್ಧದಲ್ಲೇ ನಿಂತುಹೋಯಿತು. ಕಂಪ್ಯೂಟರ್ ಕೆಟ್ಟಿದೆ ಎಂದುಕೊಂಡೆ. ನಮ್ಮ ಸರ್ ಡಿಬಗರ್ ತೆರೆದು ಪ್ರೋಗ್ರಾಂ ನಿಂತ ಸಾಲನ್ನೇ ತೋರಿಸಿದರು. ಲೂಪ್ ಐದಕ್ಕೆ ನಿಲ್ಲದೆ ಮುಂದೆ ಓಡಿ, ತನಗೆ ಸೇರದ ಮೆಮೊರಿಗೆ ಕೈ ಹಾಕಿತ್ತು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅದನ್ನು ತಡೆದು ನಿಲ್ಲಿಸಿತ್ತು. ಬೇರೆ ಪ್ರೋಗ್ರಾಂಗಳಿಗೆ ತೊಂದರೆಯಾಗದಂತೆ ಕಾಯುವುದು ಕರ್ನಲ್‌ನ ಕೆಲಸ. ಎಲ್ಲಿ ತಪ್ಪಿತು ಎಂದು ತೋರಿಸುವುದು ಡಿಬಗರ್‌ನ ಕೆಲಸ. ನಾಚಿಕೆಯಿಂದ ನಾನು ರೆಕಾರ್ಡ್ ಪುಸ್ತಕದ ಆ ಹಾಳೆಯನ್ನು ಹರಿದೆ. ಸರ್ ಬೈಯಲಿಲ್ಲ. ಗ್ರೇಸ್ ಹಾಪರ್ ಬಗ್ಗೆ ಓದಿಕೊಂಡು ಬಾ ಎಂದರು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗ್ರೇಸ್ ಹಾಪರ್ 1906ರ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದರು. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆ ಎಂದು ನೋಡಲು ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ನೋಡಿಕೊಳ್ಳಲು ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಚ್ಚಿಹೋದವು. ತಾಯಿ ಅವರಿಗೆ ಒಂದೇ ಗಡಿಯಾರ ಸಾಕು ಎಂದು ಮಿತಿ ಹಾಕಿದರು, ಆದರೆ ಕುತೂಹಲವನ್ನು ತಡೆಯಲಿಲ್ಲ.

1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಎರಡನೇ ಮಹಾಯುದ್ಧ ಬಂದಾಗ ನೌಕಾಪಡೆ ಸೇರಲು ಹೊರಟರು. ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿ ಬಂತು. ವಿಶೇಷ ಅನುಮತಿ ಪಡೆದು 1943ರ ಡಿಸೆಂಬರ್‌ನಲ್ಲಿ ಸೇರಿಯೇ ಬಿಟ್ಟರು. ಮರುವರ್ಷ ಅವರನ್ನು ಹಾರ್ವರ್ಡ್‌ನ ಮಾರ್ಕ್ 1 ಯಂತ್ರದ ಕೆಲಸಕ್ಕೆ ಕಳುಹಿಸಿದರು. ಅದು 51 ಅಡಿ ಉದ್ದ, 8 ಅಡಿ ಎತ್ತರದ ಕಂಪ್ಯೂಟರ್. ಆಗ ಡಿಬಗರ್ ಇರಲಿಲ್ಲ, ಕರ್ನಲ್ ಕೂಡ ಇರಲಿಲ್ಲ. ಯಂತ್ರ ತಪ್ಪು ಉತ್ತರ ಕೊಟ್ಟರೆ ಮನುಷ್ಯರೇ ಒಳಗೆ ಹುಡುಕಬೇಕಿತ್ತು.

1947ರ ಸೆಪ್ಟೆಂಬರ್ 9ರಂದು ಮುಂದಿನ ಯಂತ್ರವಾದ ಮಾರ್ಕ್ 2 ಕೆಟ್ಟಿತು. ಹುಡುಕಿದಾಗ 70ನೇ ರಿಲೇಯಲ್ಲಿ ಒಂದು ಚಿಟ್ಟೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು, ಟೇಪಿನಿಂದ ದಾಖಲೆ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಸಮಯ ಮಧ್ಯಾಹ್ನ 3.45 ಎಂದು ಬರೆದಿಟ್ಟರು. ಅದನ್ನು ಹಿಡಿದದ್ದು ಹಾಪರ್ ಅಲ್ಲ, ಅವರ ಜೊತೆಯವರು. ದೋಷಕ್ಕೆ ಬಗ್, ಅಂದರೆ ಹುಳ, ಎನ್ನುವ ಮಾತು ಕೂಡ ಎಡಿಸನ್ ಕಾಲದಿಂದಲೇ ಇತ್ತು. ಆದರೆ ಈ ಕಥೆಯನ್ನು ಊರೂರಿಗೆ ಹೇಳಿ ಪ್ರಸಿದ್ಧಗೊಳಿಸಿದವರು ಹಾಪರ್. ಆ ಪುಸ್ತಕ ಚಿಟ್ಟೆಯ ಸಮೇತ ಇಂದಿಗೂ ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಆಗ ಪ್ರೋಗ್ರಾಂನ ತುಣುಕುಗಳನ್ನು ಒಬ್ಬರ ನೋಟ್‌ಬುಕ್ಕಿನಿಂದ ಇನ್ನೊಬ್ಬರು ಕೈಯಲ್ಲೇ ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ತಪ್ಪಾಗುತ್ತಿತ್ತು. ಈ ಕೆಲಸವನ್ನು ಯಂತ್ರವೇ ಮಾಡಲಿ ಎಂದು ಹಾಪರ್ 1952ರಲ್ಲಿ ಎ-0 ಎಂಬ ಕಂಪೈಲರ್ ಸಿದ್ಧಪಡಿಸಿದರು. ಕಂಪ್ಯೂಟರ್ ಲೆಕ್ಕ ಮಾತ್ರ ಮಾಡಬಲ್ಲದು, ಪ್ರೋಗ್ರಾಂ ಬರೆಯಲಾರದು ಎಂದು ಬಹಳ ಜನ ನಂಬಲಿಲ್ಲ. ಅವರು ಬಿಡಲಿಲ್ಲ. ಇಂಗ್ಲಿಷ್ ಪದಗಳಲ್ಲಿ ಆಜ್ಞೆ ಬರೆಯುವ ಫ್ಲೋ-ಮ್ಯಾಟಿಕ್ ಭಾಷೆ ಮಾಡಿದರು. ಅದರ ಆಧಾರದ ಮೇಲೆ 1959ರಲ್ಲಿ ಕೋಬಾಲ್ ಭಾಷೆಯ ಕೆಲಸ ಶುರುವಾಯಿತು. ನಮ್ಮ ಕಾಮರ್ಸ್ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು: ಕೋಬಾಲ್ ವ್ಯಾಪಾರದ ಲೆಕ್ಕಕ್ಕಾಗಿಯೇ ಹುಟ್ಟಿದ ಭಾಷೆ. ಇಂದಿಗೂ ಜಗತ್ತಿನ ಅನೇಕ ಬ್ಯಾಂಕುಗಳಲ್ಲಿ ಅದು ನಡೆಯುತ್ತಿದೆ.

1966ರಲ್ಲಿ ನಿವೃತ್ತರಾದರೂ ಮರುವರ್ಷವೇ ನೌಕಾಪಡೆ ಅವರನ್ನು ವಾಪಸ್ ಕರೆಯಿತು. 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ಕೊನೆಗೂ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ದರೆ ಹಳೆಯ ಬರಹವನ್ನು ಅಳಿಸಬಾರದು, ತಪ್ಪು ಹುಡುಕಿ ತಿದ್ದುವ ನಮೂದು ಬರೆಯಬೇಕು ಎಂದು ನಮಗೆ ಕಲಿಸುತ್ತಾರೆ. ಅಬ್ಬಾ ಕೂಡ ನೂಲು ತುಂಡಾದರೆ ಎಳೆಯ ತುದಿ ಹುಡುಕಿ ಕೂಡಿಸುತ್ತಾರೆ, ಗೂಡನ್ನು ಎಸೆಯುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಹಾಳೆ ಹರಿದಿದ್ದೆ. ಅದು ಇನ್ನೂ ಬ್ಯಾಗಿನಲ್ಲೇ ಇತ್ತು. ಅದನ್ನು ರೆಕಾರ್ಡ್ ಪುಸ್ತಕಕ್ಕೆ ಮತ್ತೆ ಅಂಟಿಸಿ, ಕೆಳಗೆ ತಪ್ಪಿನ ಸಾಲು, ಸರಿಪಡಿಸಿದ ಸಾಲು, ದಿನಾಂಕ ಬರೆದಿದ್ದೇನೆ. ಸರ್ ಅದಕ್ಕೂ ಸಹಿ ಹಾಕಿದರು.