ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕ ದೈತ್ಯ ವಾನರ

ನಮ್ಮ ಪ್ಲೇನ್ಸ್‌ಬರೋ ಮಕ್ಕಳಿಗೆ ಕಿಂಗ್‌ಕಾಂಗ್ ಯಾರು ಅಂತ ಹೇಳಿಕೊಡಬೇಕಾಗಿಲ್ಲ. ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿ ಪೆನ್ ಸ್ಟೇಷನ್ನಿನಲ್ಲಿ ಇಳಿದರೆ, ಅವನು ಹತ್ತಿದ ಎಂಪೈರ್ ಸ್ಟೇಟ್ ಕಟ್ಟಡ ಅಲ್ಲೇ ಹತ್ತಿರ. ಆ ಸಿನಿಮಾ ಬಂದದ್ದು 1933ರಲ್ಲಿ. ಆಮೇಲೆ ಎರಡೇ ವರ್ಷಕ್ಕೆ ನಿಜವಾದ ದೈತ್ಯ ವಾನರನ ಗುರುತು ಸಿಕ್ಕಿತು. ಅದನ್ನು ಕಂಡುಹಿಡಿದ ರಾಲ್ಫ್ ಫಾನ್ ಕೋನಿಗ್ಸ್‌ವಾಲ್ಡ್ ನಮ್ಮ ಹಾಗೇ ಕೆಲಸಕ್ಕಾಗಿ ಊರು ಬಿಟ್ಟವರು. ಅದಕ್ಕೇ ಅವರ ಕಥೆ ನನಗೆ ಇಷ್ಟ.

ಹುಟ್ಟಿದ್ದು 1902ರಲ್ಲಿ, ಬರ್ಲಿನ್ನಿನಲ್ಲಿ. ಭೂವಿಜ್ಞಾನ ಓದಿ, 28ನೇ ವಯಸ್ಸಿಗೆ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾಕ್ಕೆ ಹೋಗಿ ಸರ್ಕಾರಿ ಭೂಸಮೀಕ್ಷೆ ಇಲಾಖೆ ಸೇರಿದರು. ಹೋದ ಕಡೆಯೆಲ್ಲ ಚೀನೀ ಔಷಧಿ ಅಂಗಡಿ ಹೊಕ್ಕು ನೋಡುವುದು ಅವರ ಅಭ್ಯಾಸ. ನಮ್ಮೂರ ಗ್ರಂಧಿಗೆ ಅಂಗಡಿ ಇದೆಯಲ್ಲ, ಬೇರು, ತೊಗಟೆ, ಒಣಗಿದ ಕಾಯಿ ಎಲ್ಲ ಡಬ್ಬಗಳಲ್ಲಿ, ಹಾಗೇ ಅಂದುಕೊಳ್ಳಿ. ಅಲ್ಲಿ ಡ್ರ್ಯಾಗನ್ ಹಲ್ಲು ಅಂತ ಮಾರುತ್ತಿದ್ದದ್ದು ಪಳೆಯುಳಿಕೆಗಳನ್ನು. ಅರೆದು ಪುಡಿ ಮಾಡಿ ಔಷಧಿಗೆ ಹಾಕುತ್ತಿದ್ದರು. ಮುಳ್ಳುಹಂದಿಗಳು ಬೇರಿನ ಭಾಗ ಕಡಿದು ತಿಂದಿರುತ್ತಿದ್ದವು, ಹಲ್ಲಿನ ತಲೆ ಮಾತ್ರ ಉಳಿದಿರುತ್ತಿತ್ತು. 1935ರಲ್ಲಿ ಹಾಂಗ್‌ಕಾಂಗಿನ ಅಂಥ ಅಂಗಡಿಯಲ್ಲಿ ಅವರಿಗೆ ಒಂದು ದವಡೆ ಹಲ್ಲು ಸಿಕ್ಕಿತು. ವಾನರನದೇ, ಆದರೆ ಗೊರಿಲ್ಲಾದ್ದಕ್ಕಿಂತ ದೊಡ್ಡದು. ಅದೊಂದೇ ಹಲ್ಲಿನ ಮೇಲೆ ಹೆಸರಿಟ್ಟರು: ಜೈಗ್ಯಾಂಟೋಪಿಥೆಕಸ್, ಅಂದರೆ ದೈತ್ಯ ವಾನರ.

ಈ ಹೊತ್ತಿಗೆ ಆರ್ಥಿಕ ಮುಗ್ಗಟ್ಟಿನಲ್ಲಿ ಸರ್ಕಾರಿ ಕೆಲಸ ಹೋಗಿತ್ತು. ಕೈಹಿಡಿದದ್ದು ಅಮೆರಿಕದ ಕಾರ್ನೆಗಿ ಸಂಸ್ಥೆಯ ದುಡ್ಡು. ಜಾವಾದ ಸಂಗಿರಾನ್‌ನಲ್ಲಿ ಆದಿಮಾನವನ ಮೂಳೆ ಹುಡುಕಲು ಹಳ್ಳಿಯವರಿಗೆ ತುಂಡಿಗೆ ಇಷ್ಟು ಅಂತ ಕೊಡುತ್ತಿದ್ದರು. ಸಿಕ್ಕ ತಲೆಬುರುಡೆಯನ್ನು ಅವರು ಒಡೆದು ಒಂದೊಂದೇ ಚೂರು ತಂದುಕೊಟ್ಟರು! ಹಳ್ಳಿಯವರನ್ನು ಬೈಯಲು ನನಗೆ ಮನಸ್ಸಿಲ್ಲ. ಲೆಕ್ಕ ಇಟ್ಟವರು ಅವರಲ್ಲವಲ್ಲ.

ಆಮೇಲೆ ಯುದ್ಧ. ಜಾವಾ ಹಿಡಿದ ಜಪಾನಿಗಳು ರಾಲ್ಫ್ ಅವರನ್ನು ಸೆರೆಶಿಬಿರಕ್ಕೆ ಹಾಕಿದರು. ಪಳೆಯುಳಿಕೆಗಳನ್ನು ಗೆಳೆಯರು ಬಚ್ಚಿಟ್ಟರು. ಒಂದು ತಲೆಬುರುಡೆ ಜಪಾನಿಗೆ ಹೋಯಿತು, ಯುದ್ಧ ಮುಗಿದ ಮೇಲೆ ಅದೂ ಸಿಕ್ಕಿತು.

ಇತ್ತ ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಫ್ರಾಂಜ್ ವೈಡನ್‌ರೈಕ್ ಇದ್ದರು. ಯಹೂದಿ ಅಂತ ಜರ್ಮನಿಯಲ್ಲಿ ಜಾಗ ಕಳೆದುಕೊಂಡು, ಪೀಕಿಂಗ್‌ಗೆ ಹೋಗಿ, ಅಲ್ಲಿಂದಲೂ 1941ರಲ್ಲಿ ಹೊರಟು ಬಂದವರು. ರಾಲ್ಫ್ ಬದುಕಿದ್ದಾರೋ ಇಲ್ಲವೋ ತಿಳಿಯದೆ, ತಮ್ಮ ಬಳಿ ಇದ್ದ ಮೂರು ಹಲ್ಲಿನ ಅಚ್ಚು ನೋಡಿ 1945ರಲ್ಲಿ ಬರೆದರು: ಇದು ವಾನರ ಅಲ್ಲ, ದೈತ್ಯ ಮಾನವ, ನಮ್ಮ ಪೂರ್ವಜ. ಮರುವರ್ಷ ರಾಲ್ಫ್ ಜೀವಂತವಾಗಿ, ಮೂಳೆಗಳ ಸಮೇತ ನ್ಯೂಯಾರ್ಕಿಗೆ ಬಂದಿಳಿದರು! ಊರಿಲ್ಲದ ಇಬ್ಬರೂ ಒಂದೇ ಮ್ಯೂಸಿಯಂನಲ್ಲಿ ಕೂತು ಕೆಲಸ ಮಾಡಿದರು. 1948ರಲ್ಲಿ ವೈಡನ್‌ರೈಕ್ ತೀರಿಕೊಂಡರು, ರಾಲ್ಫ್ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಪ್ರೊಫೆಸರ್ ಆದರು.

ದೊಡ್ಡ ವಾನರ ಕಂಡರೆ ನಮಗೆ ನೆಂಟಸ್ತಿಕೆ ಹುಡುಕುವ ಆಸೆ. ಆನೆಗೊಂದಿಯ ಅಂಜನಾದ್ರಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1952ರಲ್ಲಿ ರಾಲ್ಫ್ ಕೂಡ ಇದನ್ನು ಮನುಷ್ಯ ಕುಲದ ಪಕ್ಕದ ಕವಲು ಅಂದರು. 2019ರಲ್ಲಿ ಹಲ್ಲಿನ ಎನಾಮಲ್‌ನಲ್ಲಿ ಉಳಿದಿದ್ದ ಪ್ರೋಟೀನ್ ಓದಿದಾಗ ತಿಳಿಯಿತು, ಅದು ಒರಾಂಗುಟಾನ್‌ನ ನೆಂಟ. ಸುಮಾರು 10 ಅಡಿ ಎತ್ತರ ಅನ್ನುವುದು ಅಂದಾಜು ಅಷ್ಟೆ. ಇವತ್ತಿಗೂ ಸಿಕ್ಕಿರುವುದು ನಾಲ್ಕು ದವಡೆ, ಸುಮಾರು 2000 ಹಲ್ಲು. ತಲೆಬುರುಡೆ ಇಲ್ಲ, ಕೈಕಾಲಿನ ಮೂಳೆ ಇಲ್ಲ. ಎರಡು ಮೂರು ಲಕ್ಷ ವರ್ಷದ ಹಿಂದೆ ದಕ್ಷಿಣ ಚೀನಾದ ಕಾಡು ಬದಲಾಯಿತು, ಊಟ ಬದಲಿಸಿಕೊಳ್ಳಲಾಗದೆ ಅದು ಅಳಿಯಿತು. ಒರಾಂಗುಟಾನ್ ಹೊಂದಿಕೊಂಡು ಉಳಿಯಿತು.

ರಾಲ್ಫ್ 1968ರಲ್ಲಿ ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ಮ್ಯೂಸಿಯಂ ಸೇರಿ, 1982ರಲ್ಲಿ ತೀರಿಕೊಂಡರು. ಔಷಧಿ ಅಂಗಡಿಯಲ್ಲಿ ಕೊಂಡ ಹಲ್ಲುಗಳು ಈಗಲೂ ಅಲ್ಲೇ ಇವೆ.