ಕಲ್ಲು ಓದಿದ ರೈಸ್ ಸಾಹೇಬರು

ಕಬ್ಬಾಳು ಅಂದ್ರೆ ನಮಗೆಲ್ಲ ನೆನಪಾಗೋದು ಕಬ್ಬಾಳಮ್ಮ ಮತ್ತು ಬೆಟ್ಟದ ಮೇಲಿನ ಕೋಟೆ. ಆದರೆ ಈ ಕನಕಪುರ ಸೀಮೆಯ ಶಾಸನದ ಕಲ್ಲುಗಳನ್ನು ನೂರು ವರ್ಷಕ್ಕೂ ಹಿಂದೆಯೇ ಒಬ್ಬರು ಹುಡುಕಿಸಿ, ಓದಿಸಿ, ಅಚ್ಚು ಹಾಕಿಸಿದ್ದರು. ಅವರೇ ಬಿ. ಎಲ್. ರೈಸ್.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಚೆನ್ನಾಗಿ ಬಲ್ಲವರು. ಮಗ ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ವಾಪಸ್ ಬಂದು ಬೆಂಗಳೂರು ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಆದರು. ಅದೇ ಮುಂದೆ ಸೆಂಟ್ರಲ್ ಕಾಲೇಜ್ ಆಯ್ತು. ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್ ಕೆಲಸ. ಊರೂರು ಸುತ್ತುವಾಗ ಗುಡಿ ಮುಂದೆ, ಕೆರೆ ಏರಿ ಮೇಲೆ ಅಕ್ಷರ ಕೆತ್ತಿದ ಕಲ್ಲುಗಳು ಕಾಣ್ತಿದ್ವು. ಓದೋರು ಮಾತ್ರ ಇರಲಿಲ್ಲ.

ರೈಸ್ ಪಂಡಿತರನ್ನು ಜೊತೆ ಮಾಡಿಕೊಂಡರು. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿದರೆ ಅಕ್ಷರಗಳು ಕಾಗದದ ಮೇಲೆ ಬಿಳಿಯಾಗಿ ಮೂಡುತ್ತವೆ. ಹೀಗೆ ಸೇರಿದ ಸುಮಾರು 9,000 ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಬಂದವು. ಕನಕಪುರ, ಮಾಗಡಿ, ಚನ್ನಪಟ್ಟಣದ ಶಾಸನಗಳಿರೋದು 1905ರ 9ನೇ ಸಂಪುಟದಲ್ಲಿ. ಮೊಳಕಾಲ್ಮೂರಿನ ಬ್ರಹ್ಮಗಿರಿ ಹತ್ತಿರ 1892ರಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ್ದೂ ಇವರೇ.

ಶಾಸನ ಅಂದ್ರೆ ಬರೀ ರಾಜರ ದಾನದ ಲೆಕ್ಕ ಅಲ್ಲ. ಶ್ರವಣಬೆಳಗೊಳದಲ್ಲಿ ಬೊಪ್ಪಣ ಪಂಡಿತ ಗೊಮ್ಮಟನ ಮೇಲೆ ಬರೆದ ಕಾವ್ಯ ಕಲ್ಲಿನ ಮೇಲೇ ಇದೆ. ಹಳೆಯ ಕವಿಗಳು ತಮ್ಮ ಆಶ್ರಯದಾತ ರಾಜನ ಹೆಸರು ಹೇಳ್ತಾರೆ. ಆ ರಾಜ ಯಾವಾಗ ಆಳಿದ ಅಂತ ಕಲ್ಲು ಹೇಳುತ್ತೆ. ಎರಡನ್ನೂ ಜೋಡಿಸಿದರೆ ಕವಿಯ ಕಾಲ ಸಿಗುತ್ತೆ. ರೈಸ್ ಈ ದಾರಿಯಲ್ಲೇ ಕನ್ನಡ ಕವಿಗಳ ಕಾಲಾನುಕ್ರಮ ಕಟ್ಟಲು ಹೊರಟರು. ಪಂಪಭಾರತವನ್ನೂ 1898ರಲ್ಲಿ ಅಚ್ಚಿಗೆ ತಂದರು.

1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ರೈಸ್, 1927ರಲ್ಲಿ ಅಲ್ಲೇ ತೀರಿಕೊಂಡರು. ಕನ್ನಡಿಗರು ಅವರನ್ನು ಶಾಸನ ಪಿತಾಮಹ ಅಂತ ನೆನೆಯುತ್ತಾರೆ.

ಅವರು ದಾಖಲಿಸಿದ ಎಷ್ಟೋ ಕಲ್ಲುಗಳು ಇವತ್ತು ಇಲ್ಲ. ರಸ್ತೆ, ಸೈಟು, ಪಾಯದ ಕೆಳಗೆ ಹೋಗಿವೆ. ಅವುಗಳಲ್ಲಿದ್ದ ಮಾತು ಮಾತ್ರ ಪುಸ್ತಕದಲ್ಲಿ ಉಳಿದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಉಳಿದ ಶಾಸನಗಳನ್ನು ಈಗ ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ. ಇದು ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೂ ಒಗ್ಗುವ ಕೆಲಸ. ಮುಂದಿನ ಸಲ ಕಬ್ಬಾಳು ಕಡೆ ಹೋದಾಗ ಅಕ್ಷರದ ಕಲ್ಲು ಕಂಡರೆ ಫೋಟೊ ತೆಗೆದು, 9ನೇ ಸಂಪುಟದಲ್ಲಿ ಹುಡುಕಿ ನೋಡಿ. ಅದರಲ್ಲಿ ಇಲ್ಲದಿದ್ದರೆ ರೈಸ್ ಸಾಹೇಬರ ಕಣ್ಣಿಗೂ ಬೀಳದ ಕಲ್ಲು ನಿಮಗೆ ಸಿಕ್ಕಿರಬಹುದು.